1991ರ ಐದು ಆಲ್ಬಂ

ನಮ್ಮ ಹಾಸ್ಟೆಲ್ ಗುಂಪಿನಲ್ಲಿ ಒಬ್ಬನಿಗೆ ಸುಮ್ಮನಿರಲು ಬರುವುದಿಲ್ಲ. ಈಗ ಸಿಯಾಟಲ್ ಪಕ್ಕದ ರೆಡ್ಮಂಡ್‌ನಲ್ಲಿದ್ದಾನೆ. ಅಲ್ಲಿ ಮಳೆ ಹಿಡಿದರೆ ಇಲ್ಲಿ ನಮ್ಮ ವಾಟ್ಸಾಪ್‌ಗೆ ಕಾಟ ಶುರು. ಈ ಸಲ ಅವನು ಕೊಟ್ಟ ಕೆಲಸ: "1991ರಲ್ಲಿ ಬಂದ ರಾಕ್ ಆಲ್ಬಂಗಳಲ್ಲಿ ಐದೇ ಐದು ಆರಿಸಿ. ನೆನಪಿನ ಮೇಲೆ ಹೇಳೋ ಹಾಗಿಲ್ಲ. ಮೊದಲ ಹಾಡಿಂದ ಕೊನೆ ಹಾಡಿನ ತನಕ, ಒಂದನ್ನೂ ಹಾರಿಸದೆ ಕೇಳಿ ಆಮೇಲೆ ಬಾಯಿ ಬಿಡ್ರಪ್ಪ."

ಷರತ್ತು ನನಗೆ ಇಷ್ಟವಾಯಿತು. ಆ ವರ್ಷದ ಬಗ್ಗೆ ಎಲ್ಲರ ಪಟ್ಟಿಯೂ ಒಂದೇ ಥರ ಇರುತ್ತದೆ, ಯಾಕೆಂದರೆ ಯಾರೂ ಮತ್ತೆ ಕೇಳಿರುವುದಿಲ್ಲ. ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ಹಾಲ್‌ನಲ್ಲಿ ಸ್ಪೀಕರ್ ಹಚ್ಚಿ ಕೂತೆ. "ಇವತ್ತು ಟಿವಿ ಇಲ್ವಾ ಹಾಗಾದ್ರೆ?" ಎಂದು ನಮ್ಮ ಮನೆಯವರು ಕೇಳಿ, ನನ್ನ ಮುಖ ನೋಡಿ, ಫೋನ್ ತಗೊಂಡು ಒಳಗೆ ಹೋದರು.

1991 ಅಂದರೆ ಆಗಸ್ಟ್‌ನಿಂದ ನವೆಂಬರ್‌ವರೆಗಿನ ನಾಲ್ಕು ತಿಂಗಳು, ಅಷ್ಟೆ. ಆಗಸ್ಟ್ 12ಕ್ಕೆ ಮೆಟಾಲಿಕಾದ ಕಪ್ಪು ಮುಖಪುಟದ ಆಲ್ಬಂ, 27ಕ್ಕೆ ಪರ್ಲ್ ಜಾಮ್‌ನ 'ಟೆನ್'. ಸೆಪ್ಟೆಂಬರ್ 17ಕ್ಕೆ ಗನ್ಸ್ ಅಂಡ್ ರೋಸಸ್ ಒಂದೇ ದಿನ ಎರಡು ಆಲ್ಬಂ. 24ಕ್ಕೆ ನಿರ್ವಾಣ ಮತ್ತು ರೆಡ್ ಹಾಟ್ ಚಿಲಿ ಪೆಪರ್ಸ್, ಅದೂ ಒಂದೇ ದಿನ. ಅಕ್ಟೋಬರ್‌ನಲ್ಲಿ ಸೌಂಡ್‌ಗಾರ್ಡನ್, ನವೆಂಬರ್‌ನಲ್ಲಿ ಯೂಟೂ. ಆದರೆ ಮೈಸೂರಿನ ಹಾಸ್ಟೆಲ್‌ಗೆ ಇವು ಬಂದದ್ದು ಆ ಲೆಕ್ಕದಲ್ಲಲ್ಲ. ಬೆಂಗಳೂರಿನಲ್ಲಿ ಅಕ್ಕನ ಮನೆಯಿದ್ದವನು ಹಬ್ಬಕ್ಕೆ ಹೋಗಿ ಬಂದಾಗ, ಅಮೆರಿಕದಿಂದ ಯಾರದೋ ಭಾವ ಬಂದಾಗ, ಒಂದೊಂದಾಗಿ ಬಂದವು. ನಮ್ಮ ಪಾಲಿಗೆ 1991 ಮುಗಿಯಲು 1994 ಆಯಿತು. ಅಸಲಿ 1991ರಲ್ಲಿ ನಮ್ಮ ಮಾತು ಬೇರೆಯೇ ಇತ್ತು. ಮೇ ತಿಂಗಳಲ್ಲಿ ರಾಜೀವ್ ಗಾಂಧಿ ಹತ್ಯೆ, ಡಿಸೆಂಬರ್‌ನಲ್ಲಿ ಕಾವೇರಿ ಗಲಾಟೆ. ಬಸ್ಸು ನಿಂತು, ಕಾಲೇಜಿಗೆ ರಜೆ ಕೊಟ್ಟು, ಮೆಸ್ಸಿನಲ್ಲಿ ಬರೀ ಅನ್ನ ಸಾರು. ಅಷ್ಟೊತ್ತಿಗೆ ಪರ್ಲ್ ಜಾಮ್, ಸೌಂಡ್‌ಗಾರ್ಡನ್ ಹುಟ್ಟಿದ ಸಿಯಾಟಲ್‌ನಲ್ಲಿ ಏನಾಗುತ್ತಿದೆ ಅಂತ ಯಾರಿಗೆ ಬೇಕಿತ್ತು.

ಆಗ ಕ್ಯಾಸೆಟ್ ಅಂಗಡಿಗೆ ಖಾಲಿ ಟೇಪು ಕೊಟ್ಟರೆ ರೆಕಾರ್ಡ್ ಮಾಡಿ ಕೊಡುತ್ತಿದ್ದರು. ನಾವು ಕೊಡುತ್ತಿದ್ದದ್ದು ಅರವತ್ತು ನಿಮಿಷದ್ದು, ತೊಂಬತ್ತರದ್ದಕ್ಕೆ ಕಾಸು ಜಾಸ್ತಿ. ಮೆಟಾಲಿಕಾದ ಆ ಆಲ್ಬಂ ಅರವತ್ತೆರಡೂವರೆ ನಿಮಿಷ ಇದೆ. ಮೊದಲ ಆರು ಹಾಡು ಸೇರಿದರೆ ಹತ್ತಿರ ಹತ್ತಿರ ಮೂವತ್ತೆರಡು ನಿಮಿಷ. ಒಂದು ಮಗ್ಗುಲಿಗೆ ಹಿಡಿಯುವುದು ಮೂವತ್ತು. ಹಾಗಾಗಿ ಆರನೆಯ ಹಾಡು 'ಡೋಂಟ್ ಟ್ರೆಡ್ ಆನ್ ಮಿ' ನಡುವೆಯೇ ಟಕ್ ಅಂತ ನಿಲ್ಲುತ್ತಿತ್ತು. ಆ ಹಾಡು ಇರುವುದೇ ಅಷ್ಟು ಅಂದುಕೊಂಡು ನಾವು ವರ್ಷಗಟ್ಟಲೆ ತಲೆ ಅಲ್ಲಾಡಿಸಿದ್ದೇವೆ. ಈ ಭಾನುವಾರ ಅದು ಪೂರ್ತಿ ಕೇಳಿಸಿತು. ನಿಜ ಹೇಳಬೇಕೆಂದರೆ, ಟಕ್ ಅಂತ ನಿಲ್ಲುತ್ತಿದ್ದದ್ದೇ ಚೆನ್ನಾಗಿತ್ತು.

ಆದರೆ ಆ ಆಲ್ಬಂನ ಸೌಂಡು! ಅವರ ಹಿಂದಿನ ಆಲ್ಬಂನಲ್ಲಿ ಬೇಸ್ ಗಿಟಾರ್ ಹುಡುಕಿದರೂ ಸಿಗುವುದಿಲ್ಲ. ಇದರಲ್ಲಿ ನಿರ್ಮಾಪಕ ಬಾಬ್ ರಾಕ್ ನಾಲ್ವರನ್ನೂ ಒಟ್ಟಿಗೆ ಕೂರಿಸಿ ನುಡಿಸಲು ಹಚ್ಚಿದ. ಲಾಸ್ ಏಂಜಲೀಸ್‌ನ ಸ್ಟುಡಿಯೊದಲ್ಲಿ 1990ರ ಅಕ್ಟೋಬರ್‌ನಿಂದ ಮುಂದಿನ ಜೂನ್‌ವರೆಗೆ ಜಗಳವಾಡಿಕೊಂಡೇ ಮಾಡಿದ ಕೆಲಸ. ಡ್ರಮ್ಮಿನ ಪೆಟ್ಟು ಎದೆಗೇ ಬಂದು ಬೀಳುತ್ತದೆ. 'ನಥಿಂಗ್ ಎಲ್ಸ್ ಮ್ಯಾಟರ್ಸ್' ಶುರುವಾದಾಗ ಮಗಳು ರೂಮಿನಿಂದ ಹೊರಗೆ ಬಂದಳು. "ಅಪ್ಪಾ, ಇದು ನಂಗೆ ಬರುತ್ತೆ" ಎಂದು ಗಿಟಾರ್ ತಂದು ಎಡಗೈ ಮಡಿಲಲ್ಲಿಟ್ಟುಕೊಂಡು ಬಲಗೈಯಲ್ಲೇ ಮೊದಲ ಸಾಲು ಮೀಟಿದಳು. ಅದು ಶುರುವಾಗುವುದೇ ಹಾಗೆ, ಯಾವ ತಂತಿಯನ್ನೂ ಒತ್ತಬೇಕಿಲ್ಲ. ಮೆಟಾಲಿಕಾದ ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್ ಒಂದು ಕೈಯಲ್ಲಿ ಫೋನ್ ಹಿಡಿದು ಮಾತಾಡುತ್ತಾ ಇನ್ನೊಂದು ಕೈಯಲ್ಲಿ ಸುಮ್ಮನೆ ಮೀಟುತ್ತಿದ್ದಾಗ ಹುಟ್ಟಿದ ಸಾಲು ಅದು. ಬೆಂಗಳೂರಿನಲ್ಲಿ ಗಿಟಾರ್ ಕ್ಲಾಸಿಗೆ ಹೋಗುವ ಮಕ್ಕಳಿಗೆ ಇದು ಸರಳೆ ವರಸೆ ಇದ್ದ ಹಾಗೆ. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಅವರು ಇದನ್ನು ನುಡಿಸಿದಾಗ ನನ್ನ ಪಕ್ಕ ನಿಂತಿದ್ದ ದಡೂತಿ ಆಸಾಮಿ ಬಿಕ್ಕಿ ಬಿಕ್ಕಿ ಅತ್ತಿದ್ದ. ಯಾರೋ ಏನೋ, ನಾನೇ ನೀರಿನ ಬಾಟಲಿ ಕೊಟ್ಟೆ. ಆಲ್ಬಂನ ಕೊನೆಯ ಮೂರು ಹಾಡು ಸುಮಾರು. ಇರಲಿ, ಐದರಲ್ಲಿ ಒಂದು.

ನಿರ್ವಾಣದ 'ನೆವರ್‌ಮೈಂಡ್' ಕಥೆ ಉಲ್ಟಾ. ಅದು ಇರುವುದು ನಲವತ್ತಮೂರು ನಿಮಿಷದ ಒಳಗೆ. ಟೇಪಿನಲ್ಲಿ ಜಾಗ ಉಳಿದಿದೆ ಎಂದು ಅಂಗಡಿಯವರು ಧಾರಾಳವಾಗಿ ಬ್ರಯಾನ್ ಆಡಮ್ಸ್ ತುಂಬಿಸಿ ಕೊಟ್ಟಿದ್ದರು. ನೆವರ್‌ಮೈಂಡ್‌ನ ಕೊನೆಯ ಹಾಡನ್ನು ಅವರ ಹಾಡುಗಾರ ಕರ್ಟ್ ಕೊಬೇನ್ ಸ್ಟುಡಿಯೊದ ಸೋಫಾ ಮೇಲೆ ಮಲಗಿಕೊಂಡು, ಪಿಸುಗುಟ್ಟುವ ಹಾಗೆ ಹಾಡಿದ್ದು. ಹಿಂದೆ ಚೆಲ್ಲೊ ಒಂದು, ಪಿಟೀಲಿನ ಜಾತಿಯ ದೊಡ್ಡ ವಾದ್ಯ, ಕೊರಗುತ್ತಿರುತ್ತದೆ. ಅದು ಮುಗಿದು ಎರಡು ಸೆಕೆಂಡಿಗೆ ನಮಗೆ ಬ್ರಯಾನ್ ಆಡಮ್ಸ್‌ನ ಪ್ರೇಮಗೀತೆ! ಈಗಲೂ ಆ ಚೆಲ್ಲೊ ನಿಂತ ಕೂಡಲೇ ನನ್ನ ಕಿವಿ ಅವನಿಗೆ ಕಾಯುತ್ತದೆ. ಬ್ರಯಾನ್ ಆಡಮ್ಸ್‌ನ ಆ ಆಲ್ಬಂ ಬಂದದ್ದೂ ಅದೇ ಸೆಪ್ಟೆಂಬರ್ 24ಕ್ಕೆ ಅಂತ ಮೊನ್ನೆ ಗೊತ್ತಾಯಿತು. ಅಂಗಡಿಯವರಿಗೆ ಯಾವ ಮಟ್ಟದ ಜ್ಞಾನ ಇತ್ತೋ!

ನೆವರ್‌ಮೈಂಡ್ ಬಗ್ಗೆ ಒಂದು ಮಾತು. ಅದು ಗಲಾಟೆಯ ಆಲ್ಬಂ ಎಂದು ಹೊಗಳುವವರೂ ಬೈಯುವವರೂ ಹೇಳುತ್ತಾರೆ. ಕೂತು ಕೇಳಿದರೆ ಎಂಥಾ ಅಚ್ಚುಕಟ್ಟು ಅಂತೀರಿ! ಪಲ್ಲವಿ ಯಾವಾಗ ಬರಬೇಕೋ ಆಗಲೇ ಬರುತ್ತದೆ, ಒಂದು ಕ್ಷಣ ಹೆಚ್ಚು ನಿಲ್ಲುವುದಿಲ್ಲ. 1992ರ ಜನವರಿಯಲ್ಲಿ ಅದು ಅಮೆರಿಕದ ಆಲ್ಬಂ ಮಾರಾಟದ ಬಿಲ್‌ಬೋರ್ಡ್ ಪಟ್ಟಿಯ ಮೇಲಿನ ಸ್ಥಾನದಿಂದ ಮೈಕಲ್ ಜಾಕ್ಸನ್‌ನನ್ನು ಇಳಿಸಿತು. ಬರೀ ಸಿಟ್ಟಿಗೆ ಅಷ್ಟು ಜನ ದುಡ್ಡು ಕೊಡುವುದಿಲ್ಲ, ರಾಗ ಇದ್ದದ್ದಕ್ಕೆ ಕೊಟ್ಟರು.

'ಟೆನ್' ಅನ್ನು ನಾನು ಮಧ್ಯಾಹ್ನ ಊಟ ಆದ ಮೇಲೆ ಹಾಕಿದೆ, ಬೇಕೆಂದೇ. ನಿದ್ದೆ ಬಂದರೆ ಪಟ್ಟಿಯಿಂದ ಔಟ್ ಅಂತ. ಬರಲಿಲ್ಲ. ಈ ಬ್ಯಾಂಡ್ ಕೂಡಿದ್ದೇ ಕ್ಯಾಸೆಟ್ಟಿನಿಂದ. ಸಿಯಾಟಲ್‌ನ ಹುಡುಗರು ಹಾಡುಗಾರ ಇಲ್ಲದೆ ಬರೀ ವಾದ್ಯ ನುಡಿಸಿ ಒಂದು ಟೇಪ್ ಮಾಡಿದ್ದರು. ಅದು ಕೈಯಿಂದ ಕೈಗೆ ಹೋಗಿ ಸ್ಯಾನ್ ಡಿಯಾಗೊದಲ್ಲಿ ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ ಎಡ್ಡಿ ವೆಡರ್‌ಗೆ ಸಿಕ್ಕಿತು. ಅವನು ಅದರ ಮೇಲೆ ತನ್ನ ದನಿ ರೆಕಾರ್ಡ್ ಮಾಡಿ ಅಂಚೆಯಲ್ಲಿ ವಾಪಸ್ ಕಳಿಸಿದ. ಹಾಸ್ಟೆಲ್‌ನಲ್ಲಿ ಒಂದು ಟೇಪನ್ನು ಹತ್ತು ರೂಮಿಗೆ ಅಲೆಸುತ್ತಿದ್ದ ನಮಗೆ ಈ ಕಥೆ ಗೊತ್ತಿದ್ದಿದ್ದರೆ ಎಷ್ಟು ಮೆರೆಯುತ್ತಿದ್ದೆವೋ. ವೆಡರ್‌ನ ಉಚ್ಚಾರ ಅರ್ಥವಾಗದೆ ನಾವು ನಮಗೆ ತೋಚಿದ ಪದ ಹಾಕಿ ಕಿರುಚುತ್ತಿದ್ದೆವು. ಈಗ ಸಾಹಿತ್ಯ ಫೋನಿನಲ್ಲೇ ಬರುತ್ತದೆ. 'ಜೆರೆಮಿ' ಶಾಲೆಯ ಹುಡುಗನೊಬ್ಬನ ಸಾವಿನ ಹಾಡು ಎಂದು ತಿಳಿದು ಕೇಳುವುದೇ ಬೇರೆ. ಮಗಳ ವಯಸ್ಸಿನ ಹುಡುಗ. ಆ ಹಾಡಿನಲ್ಲಿ ನಾನು ಕೂತಲ್ಲೇ ಸ್ವಲ್ಪ ನೆಟ್ಟಗಾದೆ. ನನ್ನ ಪಟ್ಟಿಯಲ್ಲಿ ಮೊದಲನೆಯದು ಇದೇ.

ಗನ್ಸ್ ಅಂಡ್ ರೋಸಸ್‌ನ 'ಯೂಸ್ ಯುವರ್ ಇಲ್ಯೂಷನ್' ಎರಡೂ ಸೇರಿ ಮೂವತ್ತು ಹಾಡು, ಎರಡೂವರೆ ಗಂಟೆ. ಇದನ್ನು ಹಾರಿಸದೆ ಕೇಳಿ ಎನ್ನುವುದು ಶಿಕ್ಷೆ. ಹಾಸ್ಟೆಲ್‌ನಲ್ಲಿ ನಾವು ಅವರ ಭಕ್ತರು, ತಲೆಗೆ ಕರವಸ್ತ್ರ ಕಟ್ಟಿದವರು. ಆದರೂ ಹೇಳುತ್ತೇನೆ, ಒಳ್ಳೆಯ ಹನ್ನೆರಡು ಹಾಡು ಆರಿಸಿ ಒಂದೇ ಆಲ್ಬಂ ಮಾಡಿದ್ದರೆ ಇವತ್ತು ಈ ಪಟ್ಟಿಯ ಮೇಲ್ಗಡೆ ಇರುತ್ತಿತ್ತು. ಎರಡನೆಯದರ ನಡುವೆ ಎದ್ದು ಕಾಫಿ ಮಾಡಿಕೊಂಡೆ. ಸೌಂಡ್‌ಗಾರ್ಡನ್ ಚೆನ್ನಾಗಿದೆ, ಕ್ರಿಸ್ ಕಾರ್ನೆಲ್‌ನ ಗಂಟಲಿಗೆ ಸಾಟಿಯಿಲ್ಲ, ಆದರೆ ಪೂರ್ತಿ ಕೇಳಿದಾಗ ತಲೆ ಭಾರ. ಯೂಟೂನ 'ಅಕ್ತುಂಗ್ ಬೇಬಿ' ಸಲೀಸಾಗಿ ಒಳಗೆ ಬಂತು. ಎರಡು ಜರ್ಮನಿ ಒಂದಾದ ದಿನವೇ, 1990ರ ಅಕ್ಟೋಬರ್ 3ಕ್ಕೆ, ಬರ್ಲಿನ್‌ಗೆ ಹೋಗಿ ಇಳಿದವರು, ಅಲ್ಲಿ ಬ್ಯಾಂಡೇ ಒಡೆಯುವಷ್ಟು ಜಗಳವಾಡಿ, ಕೊನೆಗೆ 'ಒನ್' ಹಾಡು ಸಿಕ್ಕಿ ಉಳಿದುಕೊಂಡರು.

ಆಲ್ಬಂ ನಾಲ್ಕಾಯಿತು. ಐದನೆಯ ಜಾಗಕ್ಕೆ ಆರ್‌ಇಎಂನ 'ಔಟ್ ಆಫ್ ಟೈಮ್' ಮತ್ತು ಕ್ವೀನ್‌ನ 'ಇನ್ಯುಯೆಂಡೊ'. ಆರ್‌ಇಎಂನ ಪೀಟರ್ ಬಕ್ ಮ್ಯಾಂಡೊಲಿನ್ ಕಲಿಯುತ್ತಾ ಕೂತಾಗ ಸಿಕ್ಕ 'ಲೂಸಿಂಗ್ ಮೈ ರಿಲಿಜನ್' ಹಾಡಿನ ಸ್ವರಸಾಲು ಯಾರನ್ನೂ ಬಿಡುವುದಿಲ್ಲ. ಆದರೆ ಕ್ವೀನ್ ಆಲ್ಬಂ ಮಾತ್ರ ನಾನು 1991ರಲ್ಲೇ ಕೇಳಿದ್ದು. ಅದು ಫೆಬ್ರವರಿಯದ್ದು. ನವೆಂಬರ್ 24ಕ್ಕೆ ಕ್ವೀನ್‌ನ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ತೀರಿಕೊಂಡ. ಏಡ್ಸ್ ಇದೆ ಎಂದು ಲೋಕಕ್ಕೆ ಹೇಳಿದ್ದು ಅದರ ಹಿಂದಿನ ದಿನ. ನಮ್ಮ ದೇಶದ ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿದ ಪಾರ್ಸಿ ಹುಡುಗ. ಕೊನೆಯ ಹಾಡಿನ ಎತ್ತರದ ಸ್ವರಗಳನ್ನು ಆ ದೇಹಸ್ಥಿತಿಯಲ್ಲಿ ಹಾಡಲು ಆಗುತ್ತದೋ ಇಲ್ಲವೋ ಎಂದು ಅವರ ಗಿಟಾರ್ ವಾದಕ ಬ್ರಯಾನ್ ಮೇ ಅನುಮಾನಿಸಿದ್ದ. ಫ್ರೆಡ್ಡಿ ಒಂದು ಗುಟುಕು ವೋಡ್ಕಾ ಹಾಕಿ ಹಾಡಿ ಬಿಸಾಕಿದ. ಅನುಕಂಪಕ್ಕೆ ವೋಟು ಹಾಕಬಾರದು ಎಂದು ಗಟ್ಟಿ ಮನಸ್ಸು ಮಾಡಿಯೇ ಕೇಳಿದೆ. ನಡುವೆ ಎರಡು ಹಾಡು ಪೊಳ್ಳು. ಆದರೂ ವೋಟು ಬಿತ್ತು.

ರಾತ್ರಿ ಪಟ್ಟಿ ಕಳಿಸಿದೆ: ಟೆನ್, ಮೆಟಾಲಿಕಾ, ನೆವರ್‌ಮೈಂಡ್, ಅಕ್ತುಂಗ್ ಬೇಬಿ, ಇನ್ಯುಯೆಂಡೊ. ಒಂದೇ ನಿಮಿಷದಲ್ಲಿ ರೆಡ್ಮಂಡ್‌ನಿಂದ ಉತ್ತರ: "ಡೈರ್ ಸ್ಟ್ರೇಟ್ಸ್ ಎಲ್ಲೋ? ಅದೂ ಆ ವರ್ಷದ್ದೇ." ಹಾಸನದಲ್ಲಿರುವವನು ಗನ್ಸ್ ಅಂಡ್ ರೋಸಸ್ ಬಿಟ್ಟಿದ್ದಕ್ಕೆ ನನ್ನನ್ನು ದ್ರೋಹಿ ಎಂದ. ತುಮಕೂರಿನ ಡಾಕ್ಟರು, ಅಷ್ಟು ಹೊತ್ತು ಸುಮ್ಮನಿದ್ದವರು, ತಮ್ಮ ಪಟ್ಟಿ ಹಾಕಿದರು. ಒಂದನೇ ಸ್ಥಾನದಲ್ಲಿ ಬ್ರಯಾನ್ ಆಡಮ್ಸ್. ಗುಂಪು ಇನ್ನೂ ತಣ್ಣಗಾಗಿಲ್ಲ.