ಒಂದೇ ಹೆಣಕ್ಕೆ ಎರಡು ಚಿತೆ: ಮಳೆಮಾಪಕದ ಮೂರನೆಯ ವಾರ

ಪದೇ ಪದೇ ಕುಸಿಯುತ್ತಿದ್ದ ಮಳೆಮಾಪಕದ ಪ್ರೋಗ್ರಾಂನ ಕಳ್ಳ ಕೊನೆಗೂ ಸಿಕ್ಕಿದ. ಮೂಡಿಗೆರೆಯ ನಮ್ಮ ತೋಟದ ಮಳೆಮಾಪಕ ಎರಡು ದಿನದಿಂದ ಸಾಯದೆ ಓಡುತ್ತಿದೆ.

ಮಾಪಕದೊಳಗಿನ ಪುಟ್ಟ ಬಟ್ಟಲು ಮಳೆನೀರು ತುಂಬಿದಾಗಲೆಲ್ಲ ಮಗುಚುತ್ತದೆ. ಅದನ್ನು ಎಣಿಸುವುದು ನನ್ನ ಹಳೆಯ ಸಿ ಪ್ಲಸ್ ಪ್ಲಸ್ ಕೋಡ್, ಗಂಟೆಗೊಮ್ಮೆ ಗ್ರಾಫ್ ಬಿಡಿಸುವುದು ಪೈಥಾನ್, ನಡುವೆ ಈ ಎರಡು ಭಾಷೆಗಳನ್ನು ಬೆಸೆಯುವ ಪೈಬೈಂಡ್11 ಎಂಬ ಲೈಬ್ರರಿ. ಮೊದಲ ಗಂಟೆ ಅಂಕಿ ಸರಿ. ಎರಡನೆಯ ಗಂಟೆಗೆ ನಾಲ್ಕು ಸಾವಿರ ಇಂಚು ಮಳೆ! “ಗೊರೂರು ಅಣೆಕಟ್ಟೆ ಇನ್ನೂ ಇದೆಯೇನೋ?” ಎಂದು ಅಪ್ಪ ಕೇಳುವಷ್ಟರಲ್ಲಿ ‘ಡಬಲ್ ಫ್ರೀ’ (ಒಂದೇ ಮೆಮೊರಿಯನ್ನು ಎರಡು ಸಲ ಬಿಟ್ಟುಕೊಟ್ಟ ತಪ್ಪು) ಎಂದು ಕಿರುಚಿ ಪ್ರೋಗ್ರಾಂ ಕುಸಿಯಿತು. ಪೈಥಾನ್ ಪ್ರಾಂಪ್ಟ್‌ನಲ್ಲಿ ಕೈಯಾರೆ ಓಡಿಸಿದರೆ ಮಾತ್ರ ಸಾಧು ಹಸು.

ಮೊದಲು ಬಟ್ಟಲು ಮಾರಿದವರನ್ನು ಬೈದೆ. 0.2 ಮಿ.ಮೀ. ಮಳೆಗೆ ಮಗುಚುವುದನ್ನು ಕೇಳಿದರೆ 0.2794ರದು ಕಳುಹಿಸಿ, “ಎರಡೂ ಒಂದೇ ಸರ್” ಎಂದಿದ್ದರು. ನೂರಕ್ಕೆ ನಲವತ್ತು ಹೆಚ್ಚಾದರೂ ಒಂದೇ! ಆದರೆ ಈ ಸಲ ಅವರ ತಪ್ಪಲ್ಲ.

ದಿನದ ದಾಖಲೆಯ ಪಾಯಿಂಟರ್ (ಮೆಮೊರಿಯಲ್ಲಿ ಅದರ ವಿಳಾಸ) ಪೈಥಾನ್‌ಗೆ ಕೊಡುವ ಮೆಥಡ್‌ಗೆ, ಆ ದಾಖಲೆ ಯಾರ ಸ್ವತ್ತು ಎಂಬ ನಿಯಮವನ್ನೇ ನಾನು ಹೇಳಿರಲಿಲ್ಲ. ಹೇಳದಿದ್ದರೆ ಪೈಬೈಂಡ್11 ಅದನ್ನು ಪೈಥಾನ್‌ನ ಸ್ವತ್ತೆಂದೇ ಬರೆದುಕೊಡುತ್ತದೆ. ಫಂಕ್ಷನ್ ಮುಗಿದೊಡನೆ ದಾಖಲೆಯನ್ನು ಹಿಡಿದವರ ಎಣಿಕೆ ಸೊನ್ನೆಗಿಳಿದು ಪೈಥಾನ್ ಅದನ್ನು ಸುಟ್ಟಿತು. ಸಿ ಪ್ಲಸ್ ಪ್ಲಸ್ ಆ ಬೂದಿಯ ಮೇಲೇ ಬರೆಯುತ್ತಿತ್ತು. ಮುಂದಿನ ಗಂಟೆಗೆ ಅದೇ ಹೆಣಕ್ಕೆ ಮತ್ತೆ ಚಿತೆ. ಪ್ರಾಂಪ್ಟ್‌ನಲ್ಲಿ ವೇರಿಯಬಲ್ ಬದುಕಿರುತ್ತಿದ್ದುದರಿಂದ ಎಲ್ಲ ಸುಖವಾಗಿತ್ತು.

ಪೈಥಾನ್‌ಗೆ ನಕಲು ಮಾತ್ರ ಕೊಡುವ ‘ಕಾಪಿ’ ನಿಯಮ ಹಾಕಿದೆ. ಕುಸಿತ ನಿಂತಿತು. ಆದರೆ ಅಪ್ಪನ ಗಾಜಿನ ಮಾಪಕ ನೋಡಿ ಪೈಥಾನ್‌ನಿಂದ ಮಾಡಿದ ತಿದ್ದುಪಡಿಗಳೆಲ್ಲ ಮಾಯ. ಪಹಣಿಯ ಜೆರಾಕ್ಸ್ ತಿದ್ದಿದರೆ ತಾಲ್ಲೂಕು ಕಚೇರಿಯ ದಾಖಲೆ ಬದಲಾಗುತ್ತದೆಯೇ? ಕೊನೆಗೆ ‘ರೆಫರೆನ್ಸ್ ಇಂಟರ್ನಲ್’: ಒಡೆತನ ಸಿ ಪ್ಲಸ್ ಪ್ಲಸ್‌ನದೇ, ದಾಖಲೆ ಪೈಥಾನ್ ಕೈಯಲ್ಲಿರುವವರೆಗೆ ಅದನ್ನು ಹೊತ್ತ ತಾಯಿ ಆಬ್ಜೆಕ್ಟ್ ಸಾಯುವಂತಿಲ್ಲ. ಮೆಥಡ್ ಬದಲು ಪ್ರಾಪರ್ಟಿಯಾಗಿ (ಹೆಸರು ಹಿಡಿದು ನೇರ ಓದುವಂತೆ) ಬರೆದಿದ್ದರೆ ಈ ನಿಯಮ ತಾನಾಗಿಯೇ ಬರುತ್ತಿತ್ತು. ಒಂದು ಪದ, ಹನ್ನೊಂದು ರಾತ್ರಿ.

ಅಂದ ಹಾಗೆ, ಮುಂದಿನದು ಕಣದ ಕಾಫಿಯ ಮೇಲೆ ಟಾರ್ಪಾಲು ಎಳೆಯುವ ಮೋಟಾರು. ಬಟ್ಟಲು ಮಗುಚಲು 1.1 ಸೆಂಟ್ (ಇಂಚಿನ ನೂರನೆಯ ಒಂದು ಭಾಗ ಒಂದು ಸೆಂಟ್) ಮಳೆ ಬೇಕು, ಅಷ್ಟರಲ್ಲಿ ಕಾಫಿ ನೆನೆದಿರುತ್ತದೆ. ಮೊದಲ ಹನಿಗೇ ಎಚ್ಚರಗೊಳ್ಳುವ ಸೆನ್ಸರ್ ಬೇರೆಯೇ ಬೇಕು. ಅದೇ ಅಂಗಡಿಯಿಂದಂತೂ ತರಿಸುವುದಿಲ್ಲ.

ಇಂದು ಬೆಳಿಗ್ಗೆ ಅಪ್ಪನ ಗಾಜಿನಲ್ಲಿ 68 ಸೆಂಟ್. ನನ್ನ ಬಟ್ಟಲು 62 ಬಾರಿ ಮಗುಚಿ 68.2 ಎಂದಿತು. ಆ 0.2 ಯಾರ ತೋಟದ ಮಳೆ ಎಂದು ಅಪ್ಪ ಕಾಫಿ ಕುಡಿಯುತ್ತ ಕೇಳುತ್ತಿದ್ದಾರೆ.