ಅಪ್ಪನ ಇಸಿಜಿ ಕಾಗದ

ಹೊಸ ಮಾತ್ರೆ ಶುರು ಮಾಡಿದ ಮೇಲೆ ಇವತ್ತು ಅಪ್ಪನಿಗೆ ಮತ್ತೆ ಇಸಿಜಿ ಮಾಡಿಸಿದೆವು. ಗುಲಾಬಿ ಕಾಗದದಲ್ಲಿ ಒಂದೊಂದು ಪುಟ್ಟ ಚೌಕವೂ 40 ಮಿಲಿಸೆಕೆಂಡ್. ಡಾಕ್ಟರು ಕ್ಯೂಟಿ ಅಂತರವನ್ನು, ಅಂದರೆ ಪ್ರತಿ ಬಡಿತದಲ್ಲಿ ಹೃದಯದ ಕೆಳಕೋಣೆಗಳಲ್ಲಿ ವಿದ್ಯುತ್ ಸಂಕೇತ ಎದ್ದು ಮತ್ತೆ ಶಾಂತವಾಗಲು ಹಿಡಿಯುವ ಸಮಯವನ್ನು, ಬೆರಳಿಟ್ಟು ಎಣಿಸಿದರು. ಕೆಲವು ಮಾತ್ರೆಗಳು ಹೃದಯದ ಕೋಶದಿಂದ ಪೊಟ್ಯಾಸಿಯಂ ಹೊರಹೋಗುವ ದಾರಿಯನ್ನು ತಡೆಯುತ್ತವೆ. ಆಗ ಈ ಅಂತರ ಉದ್ದವಾಗುತ್ತದೆ. ಜಾಸ್ತಿ ಉದ್ದವಾದರೆ ಬಡಿತದ ಲಯವೇ ತಪ್ಪಬಹುದು. ವೆರಾಪಮಿಲ್ ಎಂಬ ಹೃದಯದ ಮಾತ್ರೆ ಕೂಡ ಅದೇ ದಾರಿಗೆ ಅಡ್ಡ ನಿಲ್ಲುತ್ತದೆ, ಆದರೆ ಕ್ಯಾಲ್ಸಿಯಂ ಒಳಬರುವುದನ್ನೂ ತಡೆಯುವುದರಿಂದ ಆ ಅಪಾಯ ಕಡಿಮೆ. ಇಂಥ ಕೂಡು-ಕಳೆ ಲೆಕ್ಕವನ್ನು ಈಗ ಕಂಪ್ಯೂಟರ್ ಮಾದರಿಯಲ್ಲೇ ಹಾಕಿ ನೋಡುತ್ತಾರೆ. ಬ್ರಿಟನ್ನಿನ ಜೀವವಿಜ್ಞಾನಿ ಡೆನಿಸ್ ನೋಬಲ್ 1960ರಲ್ಲೇ ಹೃದಯದ ಕೋಶದ ಮಿಡಿತವನ್ನು ಕಂಪ್ಯೂಟರಿನಲ್ಲಿ ಮೂಡಿಸಿ ತೋರಿಸಿದ್ದರು! ಅಪ್ಪನ ಕಾಗದ ಹಿಡಿದು ಕೂತಾಗ ಅವರಿಗೆ ಕೈ ಮುಗಿಯಬೇಕು ಅನ್ನಿಸಿತು. ಅಪ್ಪ ಎದೆಯ ಮೇಲಿನ ಜೆಲ್ ಒರೆಸಿಕೊಳ್ಳುತ್ತಾ, "ಕಾಫಿ ಕುಡಿಯೋಣ್ವಾ?" ಅಂದರು.