ಕೈ ಕಾದ್ವು, ಗಾಡಿ ಆರ್ತು

"ಕೈ ಕಾದ್ವು ಮೇಸ್ತ್ರಿ, ಗಾಡಿ ಆರಿಬಿಡ್ತು."

ಮೊನ್ನೆ ಮಂಗಳವಾರ ಬಳ್ಳಾರಿಯ ಗ್ಯಾರೇಜೊಂದರ ಮುಂದೆ ಲಗೇಜ್ ಆಟೋದಿಂದ ಹಳೇ ಬುಲೆಟ್ ಇಳಿಸುತ್ತಾ ಆ ಯಜಮಾನರು ಹೇಳಿದ್ದು ಇಷ್ಟೇ. ಸಂಡೂರು ಕಡೆಯಿಂದ ಹೂವಿನ ಚೀಲ ಕಟ್ಟಿಕೊಂಡು ನಸುಕಿನ ನಾಲ್ಕೂವರೆಗೆ ಹೊರಟು, ಆರರೊಳಗೆ ಮಾರ್ಕೆಟ್ ಮುಟ್ಟಬೇಕಾದವರು. ಕೈ ಮರಗಟ್ಟುತ್ತವೆ ಎಂದು ಮಗ ಹೀಟರ್ ಇರುವ ಗ್ರಿಪ್ ತರಿಸಿ ಹಾಕಿಸಿಕೊಟ್ಟಿದ್ದಾನೆ. ತೋರಣಗಲ್ಲು ದಾಟುವ ಮೊದಲೇ ಹೆಡ್‌ಲೈಟ್ ಮಂಕಾಗಿ, ಇಂಜಿನ್ ನಿಂತಿದೆ.

ಅಲ್ಲೇ ಪಂಕ್ಚರ್ ಹಾಕಿಸಲು ನಿಂತಿದ್ದ ಹುಡುಗನೊಬ್ಬ ನಕ್ಕ. "ಬಳ್ಳಾರಿ ಬಿಸಿಲಾಗ ಕೈ ಕಾಸಾಕ ಕರೆಂಟ್ ಬೇಕೇನ್ರಿ ಅಜ್ಜಾ?" ಯಜಮಾನರು ಉತ್ತರ ಕೊಡಲಿಲ್ಲ. ಆ ನಗು ನನಗೆ ಸರಿಬರಲಿಲ್ಲ. ಒಂಬತ್ತಕ್ಕೆ ಎದ್ದು ಹತ್ತಕ್ಕೆ ಗಾಡಿ ತೆಗೆಯುವವರಿಗೆ ಬಳ್ಳಾರಿ ಎಂದರೆ ಬಿಸಿಲು ಮಾತ್ರ. ಹಾಲಿನ ಕ್ಯಾನ್‌ನವರು, ಪೇಪರ್ ಹಾಕುವವರು, ಉಕ್ಕಿನ ಕಾರ್ಖಾನೆಯ ಮೊದಲ ಪಾಳಿಯವರು ಡಿಸೆಂಬರ್, ಜನವರಿಯಲ್ಲಿ ನೋಡುವ ಜಿಲ್ಲೆಯೇ ಬೇರೆ. ಬೈಕಿನ ಮೇಲೆ ಚಳಿ ತರುವುದು ವೇಗ. 10 ಡಿಗ್ರಿ ಇದ್ದಾಗ ಗಂಟೆಗೆ 60 ಕಿ.ಮೀ. ಓಡಿಸಿದರೆ ಬರಿಮೈಗೆ ತಟ್ಟುವುದು ಸುಮಾರು 5 ಡಿಗ್ರಿಯ ಚಳಿ. ಅದೇ ವೇಗದಲ್ಲಿ ಗಾಡಿ ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಓಡುತ್ತದೆ. ಮರಗಟ್ಟಿದ ಬೆರಳು ಬ್ರೇಕ್ ಹಿಡಿಯಲು ಅರ್ಧ ಸೆಕೆಂಡ್ ತಡ ಮಾಡಿದರೂ 8 ಮೀಟರ್ ಹೋಯಿತು. ಅದಿರಿನ ಲಾರಿಗಳು ಓಡಾಡುವ ರಸ್ತೆಯಲ್ಲಿ 8 ಮೀಟರ್ ಎಂದರೇನು ಎಂದು ಆ ಹುಡುಗನಿಗೆ ಯಾರು ಹೇಳಬೇಕು?

"ಕೈ ಕಾದ್ವು, ಗಾಡಿ ಆರ್ತು." ಟ್ಯಾಂಕ್ ಕೆಳಗಿನ ಟೇಪ್ ಬಿಚ್ಚಿದಾಗ ಆ ಮಾತಿನ ಪೂರ್ತಿ ಅರ್ಥ ಕಣ್ಣಿಗೆ ಬಿತ್ತು. ವೈರ್ ನೇರ ಬ್ಯಾಟರಿಗೆ ಸುತ್ತಿದ್ದರು. ಫ್ಯೂಸ್ ಇಲ್ಲ, ಕೀ ಹಾಕಿದಾಗ ಮಾತ್ರ ಕರೆಂಟ್ ಬಿಡುವ ರಿಲೇ ಇಲ್ಲ. ಕೀ ತೆಗೆದರೂ ಸ್ವಿಚ್ ಆರಿಸದಿದ್ದರೆ ಗ್ರಿಪ್ ಕಾಯುತ್ತಲೇ ಇರುತ್ತದೆ. ಹಾಕಿಕೊಟ್ಟವರ ಕೈಗೆಲಸ ಅವಸರದ್ದು, ಅದನ್ನು ಹೇಳಲು ನನಗೆ ಸಂಕೋಚವಿಲ್ಲ. ಇನ್ನೊಬ್ಬರು ಕತ್ತಲಲ್ಲಿ ಓಡಿಸುವ ಗಾಡಿಗೆ ವೈರ್ ಕಟ್ಟುವಾಗ ಇಷ್ಟಾದರೂ ಯೋಚಿಸಬೇಕು.

ಲೆಕ್ಕ ಕಷ್ಟದ್ದಲ್ಲ. ಒಂದೊಂದು ಗ್ರಿಪ್ 18 ವ್ಯಾಟ್ ಎಂದರೆ ಎರಡಕ್ಕೆ 36; 12 ವೋಲ್ಟ್‌ಗೆ 3 ಆಂಪಿಯರ್. ಆ ಗಾಡಿಯಲ್ಲಿದ್ದದ್ದು 5 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ. ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಅಷ್ಟನ್ನು ತುಂಬಿಕೊಡದಿದ್ದರೆ ಕಾಗದದ ಲೆಕ್ಕದಲ್ಲೇ ಒಂದು ಗಂಟೆ ನಲವತ್ತು ನಿಮಿಷಕ್ಕೆ ಖಾಲಿ, ರಸ್ತೆಯ ಮೇಲೆ ಅದಕ್ಕೂ ಬಹಳ ಮೊದಲು. ಪಾಯಿಂಟ್ ಮತ್ತು ಕಾಯಿಲ್ ಇರುವ ಹಳೇ ಬುಲೆಟ್‌ನಲ್ಲಿ ಪೆಟ್ರೋಲ್ ಹೊತ್ತಿಸುವ ಕಿಡಿಗೂ ಅದೇ ಬ್ಯಾಟರಿಯ ಕರೆಂಟ್ ಬೇಕು. ಅದು ಇಳಿದರೆ ಇಂಜಿನ್ನೂ ಹೋಯಿತು.

ಹಳೇ ಗಾಡಿಗೆ ಗ್ರಿಪ್ ಕೊಳ್ಳುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಇಂಜಿನ್ ನಿಂತಾಗ ಒಳ್ಳೇ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. ಹೆಡ್‌ಲೈಟ್ ಹಾಕಿ, ರಸ್ತೆಯಲ್ಲಿ ಓಡಿಸುವಷ್ಟು ಆಕ್ಸಿಲರೇಟರ್ ಕೊಟ್ಟಾಗ 13.5ರ ಮೇಲಿರಬೇಕು. ಆಮೇಲೆ 36 ವ್ಯಾಟಿನ ಹೊರೆ ಸೇರಿಸಿ ನೋಡಿ. 35 ವ್ಯಾಟಿನ ಹಳೇ ಬಲ್ಬ್ ಒಂದನ್ನು ಬ್ಯಾಟರಿಗೆ ಕಟ್ಟಿದರೂ ಸಾಕು. 13ರ ಮೇಲೆ ನಿಂತರೆ ಗಾಡಿ ತಾಳುತ್ತದೆ. 12.6ಕ್ಕೂ ಕೆಳಗಿಳಿದರೆ ಬ್ಯಾಟರಿ ತನ್ನ ಗಂಟು ಕರಗಿಸುತ್ತಿದೆ ಎಂದರ್ಥ. ಆಗ ಉಳಿತಾಯ ಹುಡುಕಬೇಕು. ಟೇಲ್ ಲೈಟಿನ 5 ವ್ಯಾಟ್ ಬಲ್ಬನ್ನು ಎಲ್‌ಇಡಿಗೆ ಬದಲಿಸಿ ಸಿಗುವುದು ಅಷ್ಟಕ್ಕಷ್ಟೇ. ನಿಜವಾಗಿ ತಿನ್ನುವುದು ಹೆಡ್‌ಲೈಟ್. ಹೆಡ್‌ಲೈಟ್ ಬ್ಯಾಟರಿಯಿಂದಲ್ಲದೆ ನೇರ ಆಲ್ಟರ್ನೇಟರಿನ ಎಸಿಯಲ್ಲಿ ಉರಿಯುವ ಹಳೇ 100 ಸಿಸಿ ಗಾಡಿಗಳಲ್ಲಿ ಇನ್ನೊಂದು ದಾರಿ ಇದೆ. ಕರೆಂಟ್ ಹುಟ್ಟುವ ಸ್ಟೇಟರ್ ಕಾಯಿಲ್‌ನ ಅರ್ತ್ ಆಗಿರುವ ತುದಿಯನ್ನು ಬಿಡಿಸಿ ಹೊರತಂದು, ಎಸಿಯನ್ನು ಪೂರ್ತಿ ಡಿಸಿ ಮಾಡುವ ಫುಲ್ ವೇವ್ ರೆಕ್ಟಿಫೈಯರ್ ಹಾಕಿ, ಎಲ್ಲವನ್ನೂ ಬ್ಯಾಟರಿಯ ಡಿಸಿಗೆ ತರುವುದು. ಅದು ಕೈಪಳಗಿದವರ ಕೆಲಸ.

ಮೇಸ್ತ್ರಿ ಮಾಡಿದ ಬದಲಾವಣೆ ನನಗೆ ಬಹಳ ಹಿಡಿಸಿತು. ಎರಡು ಗ್ರಿಪ್‌ಗಳೂ ಮೀಟರಿನಲ್ಲಿ ಸುಮಾರು 8 ಓಮ್ ತೋರಿಸಿದವು. ಮೂರು ನಿಲುವಿನ ಸ್ವಿಚ್ ಹಾಕಿ, ಜೋರಿಗೆ ಪ್ಯಾರಲಲ್ (ಎರಡಕ್ಕೂ ಬೇರೆ ಬೇರೆಯಾಗಿ ಪೂರ್ತಿ ವೋಲ್ಟ್), ಸಣ್ಣಕ್ಕೆ ಸೀರೀಸ್ (ಒಂದರ ಹಿಂದೆ ಒಂದು) ಮಾಡಿದರು. ಸೀರೀಸ್‌ನಲ್ಲಿ 16 ಓಮ್. ಎರಡಕ್ಕೂ ಸೇರಿ ಬರೀ 9 ವ್ಯಾಟ್, ಮುಕ್ಕಾಲು ಆಂಪಿಯರ್. ಹೊರಟ ಮೊದಲ ಹತ್ತು ನಿಮಿಷ ಜೋರು, ಆಮೇಲೆ ಸಣ್ಣಕ್ಕೆ. ಬ್ಯಾಟರಿ ಪ್ಲಸ್‌ನ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸ್, ಅಲ್ಲಿಂದ ರಿಲೇಯ 30 ನಂಬರಿನ ಪಿನ್ನಿಗೆ, 87ರಿಂದ ಸ್ವಿಚ್ ಮೂಲಕ ಗ್ರಿಪ್‌ಗೆ. 86ಕ್ಕೆ ಕೀ ಹಾಕಿದಾಗ ಮಾತ್ರ ಬರುವ ಕರೆಂಟ್, 85 ಅರ್ತ್. ಬುಲೆಟ್ ನಡುಕಕ್ಕೆ ಬೆಸುಗೆ ಬಿರಿಯುತ್ತದೆಂದು ವೈರ್‌ಗಳನ್ನು ಒತ್ತಿ ಕೂಡಿಸಿ (ಕ್ರಿಂಪ್ ಮಾಡಿ) ಸ್ಲೀವ್ ಏರಿಸಿದರು. ಹ್ಯಾಂಡಲ್ ಹತ್ತಿರ ಒಂದು ಸಣ್ಣ ವೋಲ್ಟ್ ಮೀಟರನ್ನೂ ಕೂರಿಸಿದರು. ರೈಲ್ವೆ ಗೇಟಿನಲ್ಲಿ ನಿಂತಾಗ ಅದು 12.2ಕ್ಕೆ ಇಳಿದರೆ ಸ್ವಿಚ್ ಆರಿಸಬೇಕು.

"ಎಡಗೈ ಯಾಕ ತಡಾಗಿ ಕಾಯ್ತೈತಿ?" ಯಜಮಾನರ ಈ ಪ್ರಶ್ನೆ ಬಹಳ ಸೂಕ್ಷ್ಮವಾದದ್ದು. ಬಲಗಡೆ ಗ್ರಿಪ್ ಕೆಳಗೆ ಪ್ಲಾಸ್ಟಿಕ್ ಥ್ರಾಟಲ್ ಕೊಳವೆ ಇದ್ದರೆ ಅದು ಬಿಸಿಯನ್ನು ತಡೆದಿಡುತ್ತದೆ. ಎಡಗಡೆ ಗ್ರಿಪ್ ನೇರ ಕಬ್ಬಿಣದ ಹ್ಯಾಂಡಲ್ ಮೇಲೆ. ಬಿಸಿಯೆಲ್ಲ ಆ ಕಬ್ಬಿಣಕ್ಕೆ ಹರಿಯುತ್ತದೆ. ಹ್ಯಾಂಡಲ್ ಮೇಲೆ, ಕಾಸಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ಒಂದು ಪದರ ಏರಿಸಿದರೆ ಎಷ್ಟೋ ವಾಸಿ.

ಬಲಗಡೆಯದು ಪ್ರಾಣದ ವಿಷಯ, ಅಲ್ಲಿ ಅವಸರ ಬೇಡ. ಹಳೇ ಗ್ರಿಪ್ಪನ್ನು ಬ್ಲೇಡಿನಿಂದ ಸೀಳಿ ತೆಗೆಯಿರಿ. ಕೊಳವೆಯ ಮೇಲಿನ ಏಣುಗಳನ್ನು ಅರದಿಂದ ಸಮ ಮಾಡಿ, ಹೊಸದು ಕೈಬಲದಿಂದಲೇ ಏರುವಂತಿರಲಿ. ಸುತ್ತಿಗೆ ಹೊಡೆದರೆ ಒಳಗಿನ ಹೀಟರ್ ತಂತಿ ಕಡಿಯುತ್ತದೆ. ಅಂಟು ಒಳಗೆ ಇಳಿದರೆ ಥ್ರಾಟಲ್ ಸಿಕ್ಕಿಕೊಳ್ಳುತ್ತದೆ. ಬಲಗಡೆಯ ವೈರ್ ಗ್ರಿಪ್ಪಿನ ಜೊತೆ ತಿರುಗುವುದರಿಂದ ಸಡಿಲವಾಗಿ ಒಂದು ಸುತ್ತು ಬಿಟ್ಟಿರಬೇಕು. ಕೊನೆಗೆ ಇಂಜಿನ್ ಐಡಲ್‌ನಲ್ಲಿಟ್ಟು ಹ್ಯಾಂಡಲ್ಲನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ. ಸದ್ದು ಏರಬಾರದು. ಆಕ್ಸಿಲರೇಟರ್ ತಿರುಗಿಸಿ ಬಿಟ್ಟರೆ ಟಪ್ಪೆಂದು ವಾಪಸ್ ಬರಬೇಕು.

ಗ್ರಿಪ್ ಕಾಸುವುದು ಅಂಗೈಯನ್ನು. ಗಾಳಿ ಹೊಡೆಯುವುದು ಕೈಯ ಹಿಂಬದಿಗೆ. ಮುಂದೆ ಮರೆ ಇಲ್ಲದಿದ್ದರೆ 36 ವ್ಯಾಟೂ ಗಾಳಿಪಾಲು. 5 ಲೀಟರ್ ಎಣ್ಣೆ ಕ್ಯಾನ್ ಕತ್ತರಿಸಿ ಕಟ್ಟಿದರೂ ನಡೆಯುತ್ತದೆ, ಆದರೆ ಅದು ಲಿವರಿಗೆ ತಾಗಕೂಡದು. ಗಾಳಿ ಒತ್ತಿ ಬ್ರೇಕ್ ಹಿಡಿದಂತಾಗುತ್ತದೆ. ಎದೆಗೆ ಚಳಿಯಾದರೆ ಮೈ ಮೊದಲು ಬೆರಳುಗಳ ರಕ್ತವನ್ನೇ ಕಡಿಮೆ ಮಾಡುತ್ತದೆ. ಹಾಲಿನವರು ಅಂಗಿಯೊಳಗೆ ಎದೆಗೆ ಪೇಪರ್ ಇಟ್ಟುಕೊಳ್ಳುವುದು ಅದಕ್ಕೇ, ಅದು ನೂರಕ್ಕೆ ನೂರು ಸರಿಯಾದ ಪದ್ಧತಿ. ಸಕ್ಕರೆ ಕಾಯಿಲೆಯಿಂದ ಅಂಗೈ ಜೋಮು ಹಿಡಿದವರು ಜೋರಿನಲ್ಲಿಟ್ಟು ಮರೆಯಬಾರದು. ಸುಟ್ಟದ್ದು ಅವರಿಗೆ ಗೊತ್ತಾಗುವುದಿಲ್ಲ.

ಆ ಯಜಮಾನರು ಇಷ್ಟು ವರ್ಷ ಗೋಣಿತಾಟು ಸುತ್ತಿಕೊಂಡೇ ಓಡಿಸಿದ್ದಾರೆ. ನಸುಕಿನಲ್ಲಿ ದುಡಿಯುವವರ ಕೈನೋವನ್ನು ನಾವು ಕೆಲಸದ ಭಾಗವೆಂದೇ ನೋಡುತ್ತಾ ಬಂದಿದ್ದೇವೆ. ಆರಕ್ಕೆ ಹೂವು ಬಂದಿರುತ್ತದೆ, ತಂದ ಕೈ ಹೇಗಿದೆ ಎಂದು ಯಾರೂ ನೋಡುವುದಿಲ್ಲ. ಮಗ ನೋಡಿದ, ಅವನ ಮೇಲೆ ನನಗೆ ಗೌರವವಿದೆ. ಗ್ರಿಪ್ ತಂದವನು ಅವನೇ, ಆ ಹುಡುಗನ ನಗು ಕೇಳಿಸಿಕೊಂಡವರು ಮಾತ್ರ ಅಪ್ಪ.

ಹೊರಡುವಾಗ ಮೇಸ್ತ್ರಿ ಹೇಳಿದರು: "ಶಿವರಾತ್ರಿ ಮುಗಿದ ಮ್ಯಾಲೆ ಫ್ಯೂಸ್ ತೆಗೆದಿಡ್ರಿ ಯಜಮಾನ್ರ. ಗ್ರಿಪ್ ಮ್ಯಾಲೆ ಬಟ್ಟಿ ಹಾಕ್ರಿ, ನಮ್ಮ ಬಿಸಿಲಿಗೆ ರಬ್ಬರ್ ಬಿರೀತೈತಿ."